ಮೊದಲು ಬಸ್ಸು, ಆಮೇಲೆ ಸಹಿ

ಬೆಂಗಳೂರಿನ ಒಂದು ವಿಶೇಷ ಶಾಲೆಯಲ್ಲಿ ದೊಡ್ಡ ಮಕ್ಕಳ ತರಗತಿ ನನ್ನದು. 14 ದಾಟಿದವರು, ಹೆಚ್ಚಿನವರಿಗೆ ಬೌದ್ಧಿಕ ವೈಕಲ್ಯ. ಕಾನೂನು ಕೊಡುವ ಉಚಿತ ಶಿಕ್ಷಣ 18ರವರೆಗೆ. ಆಮೇಲೆ ಏನು ಅನ್ನೋ ಪ್ರಶ್ನೆಯನ್ನು ನಾನು 14ಕ್ಕೇ ಎತ್ತುತ್ತೇನೆ. ಅಲ್ಲಿಂದ ಮುಂದೆ ನಮ್ಮ ಪಾಠವೆಲ್ಲ ಬಸ್ಸು, ಅಂಗಡಿ, ಅಡುಗೆಮನೆಯಲ್ಲೇ. ತರಗತಿಯಲ್ಲಿ ಕಲಿತದ್ದು ಬೀದಿಗೆ ಬಂದರೆ ಈ ಮಕ್ಕಳಿಗೆ ಮತ್ತೆ ಹೊಸದು.

17ರ ಹುಡುಗಿಯೊಬ್ಬಳನ್ನು ಅಮ್ಮ ದಿನಾ ಸ್ಕೂಟರಲ್ಲಿ ಬಿಡುತ್ತಿದ್ದರು. "ಬಸ್ಸೆಲ್ಲ ಇವಳಿಗೆ ಆಗಲ್ಲ ಮಿಸ್" ಅಂದರು. ನಾನು ಆ ಪ್ರಯಾಣವನ್ನು ತುಂಡು ತುಂಡು ಮಾಡಿ ಬರೆದುಕೊಂಡೆ. ಕೈಯಲ್ಲಿರುವ ಚೀಟಿಯ ನಂಬರನ್ನು ಬಸ್ಸಿನ ಬೋರ್ಡಿಗೆ ಹೊಂದಿಸಿ ನೋಡುವುದು, ಹತ್ತುವುದು, ಆಧಾರ್ ತೋರಿಸುವುದು, ಸ್ಟಾಪಿನ ಹೆಸರು ಹೇಳುವುದು, ಇಳಿಯುವುದು, ಶಾಲೆಯ ಗೇಟಿನವರೆಗೆ ನಡೆಯುವುದು. ಕಲಿಸಿದ್ದು ಹಿಂದಿನಿಂದ. ಮೊದಲು ಆ ಕೊನೆಯ ನಡಿಗೆಯನ್ನು ಮಾತ್ರ ಅವಳಿಗೆ ಬಿಟ್ಟೆ, ಉಳಿದದ್ದಕ್ಕೆಲ್ಲ ನಾನಿದ್ದೆ. ಅದು ಬಂದ ಮೇಲೆ ಇಳಿಯುವುದು, ಆಮೇಲೆ ಅದಕ್ಕೂ ಹಿಂದಿನದು. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸುವವಳು ಅವಳೇ ಆಗಿರುತ್ತಾಳೆ. ಆ ಖುಷಿಯೇ ಮುಂದಿನದನ್ನು ಕಲಿಸುತ್ತದೆ.

2023ರಿಂದ ಶಕ್ತಿ ಯೋಜನೆ ಇರುವುದರಿಂದ ಚಿಲ್ಲರೆ ಎಣಿಸುವ ಕಷ್ಟ ಇಲ್ಲ. ಆದರೂ ಶೂನ್ಯ ಟಿಕೆಟ್ ಕೇಳಿ ಪಡೆಯಬೇಕು ಅಲ್ವಾ? ಒಂದು ದಿನ ಅವಳು ಸುಮ್ನೆ ಕಾರ್ಡ್ ಚಾಚಿದಳು. "ಎಲ್ಲಿಗಮ್ಮ?" ಅಂದರು ಕಂಡಕ್ಟರ್. ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಕಂಡಕ್ಟರ್ ಇನ್ನೊಮ್ಮೆ ಕೇಳಿದರು. ತಡವಾಗಿ, ಆದರೆ ಗಟ್ಟಿಯಾಗಿ ಸ್ಟಾಪಿನ ಹೆಸರು ಹೇಳಿದಳು. ಹಾಗೆ ಬಾಯಿ ಮುಚ್ಚಿಕೊಂಡು ಕಾಯುವುದನ್ನು ಹೆತ್ತವರಿಗೂ ಕಲಿಸಬೇಕು.

ಬಸ್ಸಿಗಿಂತ ಮುಖ್ಯ ಅಂತ ನಾನು ನಂಬುವುದು "ಬೇಡ" ಅನ್ನುವ ಪಾಠ. ಹಿರಿಯರು ಹೇಳಿದ್ದಕ್ಕೆಲ್ಲ ತಲೆಯಾಡಿಸುವಂತೆ ಈ ಮಕ್ಕಳನ್ನು ಬೆಳೆಸಿರುತ್ತೇವೆ. ಯಾರಾದರೂ ಮೈ ಮುಟ್ಟಿದರೆ ಜೋರಾಗಿ ಬೇಡ ಅನ್ನಬೇಕು, ಕಂಡಕ್ಟರ್ ಹತ್ತಿರ ಹೋಗಬೇಕು. ಇದರ ಅಭ್ಯಾಸ ಮನೆಯ ಊಟದಲ್ಲೇ ಶುರು. ಇನ್ನೊಂದು ಚಪಾತಿ ಬೇಡ ಅಂದಳಾ, ಹಾಕಬೇಡಿ. ಅವಳ ಮಾತಿಗೆ ಮನೆಯಲ್ಲೇ ಬೆಲೆ ಇಲ್ಲದಿದ್ದರೆ ಬಸ್ಸಿನಲ್ಲಿ ಆ ಮಾತು ಬಾಯಿಗೆ ಬರುವುದಿಲ್ಲ.

ಕಾಗದಪತ್ರದ ವಿಷಯ. ಯುಡಿಐಡಿ, ಅಂದರೆ ವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡ್, ಮೊದಲೇ ಮಾಡಿಸಿಟ್ಟುಕೊಳ್ಳಿ. 18 ತುಂಬಿದ ಮೇಲೆ ಅಪ್ಪ ಅಮ್ಮ ತಾವಾಗಿಯೇ ಕಾನೂನಿನ ಪ್ರಕಾರ ಪೋಷಕರಾಗಿ, ಅಂದರೆ ಮಕ್ಕಳ ಪರವಾಗಿ ನಿರ್ಧರಿಸುವ ಗಾರ್ಡಿಯನ್ ಆಗಿ, ಮುಂದುವರಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ಆದರೆ ಹುಟ್ಟುಹಬ್ಬ ಮುಗಿದ ಕೂಡಲೇ ಅದಕ್ಕೆ ಓಡಬೇಡಿ ಅನ್ನುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಅವರ ಬದಲು ನಿರ್ಧರಿಸುವುದಕ್ಕಿಂತ ಅವರ ಜೊತೆ ಕೂತು ನಿರ್ಧರಿಸುವುದಕ್ಕೇ ಜಾಸ್ತಿ ಒತ್ತು ಕೊಡುತ್ತದೆ. ತನ್ನ ಬ್ಯಾಂಕ್ ಖಾತೆಯನ್ನು ತಾನೇ ನಡೆಸಬಲ್ಲಳಾ, ಮೊದಲು ನೋಡೋಣ.

ಈ ಹುಡುಗಿ ಈಗ ಸಹಿ ಅಭ್ಯಾಸ ಮಾಡುತ್ತಿದ್ದಾಳೆ. ಪ್ರತಿ ಸಲ ಒಂದೇ ತರ ಬರಲಿ ಅಂತ ಉದ್ದದ ಹೆಸರನ್ನು ಮೂರು ಅಕ್ಷರಕ್ಕೆ ಇಳಿಸಿದ್ದೇವೆ.