ನಗಿಸೋದು ಬಿಟ್ಟ ಮೇಲೆ ಜನ ನಕ್ಕರು

"ಸ್ಕೂಲು, ಲವ್ವು, ಈ ಕಾಲದಲ್ಲಿ ಯಾರು ಓದ್ತಾರೆ ಮಾರಾಯ?" ಅಂದಿದ್ದ ಹಾಸನದ ಗೆಳೆಯರೇ ಈಗ ನನ್ನ ಕಾದಂಬರಿಯ ಎರಡನೇ ಮುದ್ರಣ ಯಾವಾಗ ಅಂತ ಕೇಳುತ್ತಿದ್ದಾರೆ. ಅದಕ್ಕೇ, ಅದು ಹುಟ್ಟಿದ್ದು ಹೇಗೆ, ಅಚ್ಚಾದದ್ದು ಹೇಗೆ ಅಂತ ಇಲ್ಲಿ ಹೇಳುತ್ತಿದ್ದೇನೆ.

ನನ್ನ ಕಾದಂಬರಿಯ ಹುಡುಗ ಸಕಲೇಶಪುರದ ಕಡೆಯವನು, ಹತ್ತನೇ ಕ್ಲಾಸು. ಮೊದಲ ಕರಡು 400 ಪುಟದ ಹತ್ತಿರ ಇತ್ತು. ಪುಟಕ್ಕೆ ಐದು ಜೋಕು. ಮನೆಯವಳು 30ನೇ ಪುಟಕ್ಕೆ ಮಡಚಿಟ್ಟಳು. "ಹುಡುಗ ಎಲ್ರೀ ನಗಿಸ್ತಾನೆ? ನೀವೇ ಕಚಗುಳಿ ಇಡ್ತಿದ್ದೀರಿ" ಅಂದಳು. ಸಿಟ್ಟಿಗೆ ಆರು ತಿಂಗಳು ಆ ಫೈಲ್ ಮುಟ್ಟಲಿಲ್ಲ.

ಆಮೇಲೆ ಜೋಕೆಲ್ಲ ಕಿತ್ತು ಹಾಕಿದೆ. ತನ್ನ ಕಥೆ ತಮಾಷೆಯದು ಅಂತ ಹುಡುಗನಿಗೆ ಗೊತ್ತೇ ಇಲ್ಲ, ಅಷ್ಟೇ. ಅವನಿಗೆ ಬರುವುದು ರಜಾ ಅರ್ಜಿ ಒಂದೇ. ಹಾಗಾಗಿ ಪ್ರೇಮಪತ್ರವನ್ನೂ 'ಇವರಿಂದ, ಇವರಿಗೆ, ವಿಷಯ' ಅಂತಲೇ ಶುರು ಮಾಡುತ್ತಾನೆ. ಕೊನೆಗೆ 'ತಮ್ಮ ವಿಧೇಯ ವಿದ್ಯಾರ್ಥಿ'. ಭಾನುವಾರ ನಮ್ಮ ಬೀದಿಯ ಸಲೂನಿನಲ್ಲಿ ಇದನ್ನು ಓದಿದಾಗ ಕತ್ತರಿ ನಿಂತಿತು! ಪ್ರತಿ ಅಧ್ಯಾಯವನ್ನೂ ಅಲ್ಲೇ ಓದಿದೆ. ನಕ್ಕ ಕಡೆ ಪೆನ್ಸಿಲ್ ಗೀಟು, ಆಕಳಿಸಿದ ಕಡೆ ಕತ್ತರಿ. 190 ಪುಟ ಉಳಿಯಿತು.

ಒಂದು ದೊಡ್ಡ ತಪ್ಪೂ ಸಿಕ್ಕಿತು. ಕಾಫಿ ಹೂವನ್ನು ಜೂನ್ ಮಳೆಯಲ್ಲಿ ಅರಳಿಸಿದ್ದೆ. ತೋಟದವರೊಬ್ಬರು ಹೊಟ್ಟೆ ಹಿಡಿದು ನಕ್ಕರು. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ, ಅಂದರೆ ಹೂ ಅರಳಿಸುವ ಮಳೆ, ಬಿದ್ದ ಮೇಲಲ್ವಾ ಅದು? ತಿದ್ದಲು ಹೋದರೆ ಅದೇ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತು. ಹೂವಿನ ಘಮಕ್ಕೆ ತಲೆ ತಿರುಗಿ ಗಣಿತ ಕೈಕೊಡುವ ಅಧ್ಯಾಯ ಹುಟ್ಟಿದ್ದು ಹಾಗೆ. ಪುಸ್ತಕದಲ್ಲಿ ನನಗೆ ಜಾಸ್ತಿ ಇಷ್ಟ ಅದೇ.

ನಡುವೆ ಸುಮ್ನೆ ಇರಲಾರದೆ ಇಡೀ ಕಥೆಯನ್ನು ಹುಡುಗಿಯ ಬಾಯಲ್ಲಿ ಹೇಳಿಸಿ ನೋಡಿದೆ. ಅವಳು ಜಾಣೆ. ಎರಡೇ ಅಧ್ಯಾಯಕ್ಕೆ ಕಥೆ ಮುಗಿಸಿಬಿಟ್ಟಳು.

ಈಗ ದುಡ್ಡಿನ ಮಾತು. ಮೊದಲು ಒಬ್ಬ ಪ್ರಕಾಶಕರಿಗೆ 20 ಸಾವಿರ ಕೊಟ್ಟು ಒಂದು ವರ್ಷ ಕಾದೆ. ಬಂದದ್ದು ಬರೀ ಕರಡಚ್ಚು. ನುಡಿ ತಂತ್ರಾಂಶದ ಅಕ್ಷರದಿಂದ ಯೂನಿಕೋಡ್‌ಗೆ ಹಾಕುವಾಗ ಒತ್ತಕ್ಷರವೆಲ್ಲ ದಿಕ್ಕಾಪಾಲು. ಜಗಳವಾಡಿ ಅರ್ಧ ದುಡ್ಡು ವಾಪಸ್ ತಂದೆ. ಆಮೇಲೆ ನಾನೇ ಅಚ್ಚು ಹಾಕಿಸಿದೆ, ಮಾಮೂಲಿ ಕಾದಂಬರಿಯ ಗಾತ್ರ (ಡೆಮಿ 1/8), 300 ಪ್ರತಿ. ಅಚ್ಚಿಗೆ 28 ಸಾವಿರ, ಪುಟ ಜೋಡಿಸುವ ಡಿಟಿಪಿಗೆ 5, ಮುಖಪುಟಕ್ಕೆ 4, ಹೆಚ್ಚುಕಡಿಮೆ. ಬೆಲೆ 200 ರೂಪಾಯಿ. ಅಂಗಡಿಯವರು ನೂರಕ್ಕೆ 40 ಹಿಡಿದುಕೊಂಡರು. ಹಾಗಾಗಿ ಅಲ್ಲಿಗೆ ಕೊಟ್ಟದ್ದು 60 ಪ್ರತಿ ಮಾತ್ರ. ಹಾಸನಾಂಬೆ ದರ್ಶನದ ಕ್ಯೂ ಗೊತ್ತಲ್ಲ? ಎರಡು ದಿನ ಚೀಲ ಹೆಗಲಿಗೆ ಹಾಕಿ ಅದರ ಪಕ್ಕ ಓಡಾಡಿದೆ. ಗಂಟೆಗಟ್ಟಲೆ ನಿಂತವರಿಗೆ ಓದಲು ಏನಾದರೂ ಬೇಕೇ ಬೇಕು. 40ರ ಮೇಲೆ ಹೋಯಿತು. ಉಳಿದದ್ದು ಪರಿಚಯದವರಿಗೆ, ಅಂಚೆಯಲ್ಲಿ. ಅಂಚೆ ಖರ್ಚು, ಅದೂ ಇದೂ ಕಳೆದು ಕೊನೆಗೆ ಐದಾರು ಸಾವಿರ ಕೈಗೆ ಸಿಕ್ಕಿತು. ಪ್ರಕಾಶಕರ ಹತ್ತಿರ ಹೋದ 10 ಸಾವಿರ ಈ ಲೆಕ್ಕಕ್ಕೆ ಸೇರಿಸಿಲ್ಲ, ಸೇರಿಸುವುದೂ ಇಲ್ಲ.

ಅಂದ ಹಾಗೆ, ಹುಡುಗಿಯ ಹೆಸರು ಪುಸ್ತಕದಲ್ಲಿ ಒಂದು ಸಲವೂ ಬರುವುದಿಲ್ಲ. ಓದಿದವರಲ್ಲಿ ಇಬ್ಬರೇ ಹಿಡಿದರು. ಹೇಗೆ ತಪ್ಪಿಸಿದೆ ಅಂತ ಕೇಳಬೇಡಿ, ಮುಂದಿನ ಕಾದಂಬರಿಗೂ ಅದು ಬೇಕು.