ಹಾರ್ಡ್ ಡಿಸ್ಕ್‌ಗಳನ್ನು ಬೆಸೆಯದೆ ಜಾಗ ಹೊಂದಿಸಿದ ಬಗೆ

ವಿಜಯಪುರದ ನಮ್ಮ ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಗೋಳಗುಮ್ಮಟ, ಇಬ್ರಾಹಿಂ ರೋಜಾದ ಚಿತ್ರಗಳಿರುವ ‘ಡಿ’ ಡ್ರೈವ್ ತುಂಬಿ ಕೆಂಪು ಪಟ್ಟಿ ತೋರಿಸುತ್ತಿತ್ತು. ಜೊತೆಗಿದ್ದ ಇನ್ನೊಂದು ಹಾರ್ಡ್ ಡಿಸ್ಕ್ ಬಹುಪಾಲು ಖಾಲಿ.

ಆ ಖಾಲಿ ಜಾಗವನ್ನು ‘ಡಿ’ಗೆ ಸೇರಿಸಲು ನೋಡಿದೆ. ಡ್ರೈವನ್ನು ಹಿಗ್ಗಿಸುವ ‘ಎಕ್ಸ್‌ಟೆಂಡ್ ವಾಲ್ಯೂಮ್’ ಆಯ್ಕೆ ಒತ್ತಲಾಗದಂತೆ ಮಸುಕಾಗಿಯೇ ಇತ್ತು. ಹಲವು ಡಿಸ್ಕ್‌ಗಳನ್ನು ಒಂದಾಗಿಸುವ ವಿಂಡೋಸ್ ಸೌಲಭ್ಯ ‘ಸ್ಟೋರೇಜ್ ಸ್ಪೇಸಸ್’ ಸೇರಿಸುವ ಡಿಸ್ಕ್‌ಗಳನ್ನು ಮೊದಲು ಪೂರ್ತಿ ಅಳಿಸುತ್ತದೆ, ಬಿಟ್ಟೆ. ಎರಡು ಡಿಸ್ಕ್‌ಗಳಿಗೆ ಹರಡುವ ಒಂದೇ ಡ್ರೈವ್, ಅಂದರೆ ‘ಸ್ಪ್ಯಾನ್ಡ್ ವಾಲ್ಯೂಮ್’, ಜಾಗವನ್ನೇನೋ ಕೂಡಿಸುತ್ತದೆ, ಆದರೆ ಒಂದು ಡಿಸ್ಕ್ ಕೆಟ್ಟರೆ ಇಡೀ ವಾಲ್ಯೂಮ್ ಹೋಗುತ್ತದೆ. ಬೇರೆ ಪ್ರತಿಯಿಲ್ಲದ ಚಿತ್ರಗಳಿಗೆ ಅದು ಖಂಡಿತ ಬೇಡ.

ಕೊನೆಗೆ ಫಲಿಸಿದ್ದು ಎರಡನೆಯ ಡಿಸ್ಕನ್ನು ‘ಡಿ’ಯ ಒಂದು ಫೋಲ್ಡರ್‌ಗೆ ಜೋಡಿಸುವ ಕ್ರಮ. ‘ಡಿ’ಯಲ್ಲಿ ‘ಚಿತ್ರ2’ ಎಂಬ ಖಾಲಿ ಫೋಲ್ಡರ್ ಮಾಡಿದೆ. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದೆ. ಎರಡನೆಯ ಡಿಸ್ಕ್‌ನ ಪಾರ್ಟಿಷನ್ (ವಿಭಾಗ) ಮೇಲೆ ಬಲ ಕ್ಲಿಕ್, ‘ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್’, ‘ಆ್ಯಡ್’, ‘ಮೌಂಟ್ ಇನ್ ದ ಫಾಲೋಯಿಂಗ್ ಎಂಪ್ಟಿ ಎನ್‌ಟಿಎಫ್‌ಎಸ್ ಫೋಲ್ಡರ್’, ‘ಬ್ರೌಸ್’ ಒತ್ತಿ ಆ ಫೋಲ್ಡರ್ ಆರಿಸಿ ‘ಓಕೆ’. ಫೋಲ್ಡರ್ ಖಾಲಿಯಿರಲೇಬೇಕು, ‘ಡಿ’ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಒಂದು ಕಡತ ವ್ಯವಸ್ಥೆ) ಆಗಿರಲೇಬೇಕು.

ಈಗ ‘ಚಿತ್ರ2’ಕ್ಕೆ ಸರಿಸಿದ್ದೆಲ್ಲ ಎರಡನೆಯ ಡಿಸ್ಕ್‌ನಲ್ಲಿ ಕೂರುತ್ತದೆ, ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಜೋಡಣೆ ಬಿಡಿಸಲು ಅದೇ ಕಿಟಕಿಯ ‘ರಿಮೂವ್’ ಬಳಸಿ, ಫೋಲ್ಡರನ್ನು ಅಳಿಸಬೇಡಿ.