ನಿಮ್ಮ ಭೂತ ಪಕ್ಕದವರ ಕೈಯಲ್ಲಿರಲಿ

ನಾಲ್ಕೈದು ಗೆಳೆಯರು ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ಬಾಯಿಮಾತಿನಲ್ಲೇ ಕಥೆ ಕಟ್ಟುತ್ತ ಹೋಗುವ ಆಟಕ್ಕೆ ರೋಲ್‌ಪ್ಲೇ ಅನ್ನುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಆಟ ಅಚ್ಚಾಗಿ ಬಂದ ಮೇಲೆ ಇದು ಜಗತ್ತೆಲ್ಲ ಹಬ್ಬಿತು. ದಪ್ಪ ದಪ್ಪ ನಿಯಮದ ಪುಸ್ತಕ, ಇಪ್ಪತ್ತು ಮುಖದ ದಾಳ ಇದ್ದರೆ ಚೆಂದ. ಇಲ್ಲದಿದ್ದರೂ ಆಟ ನಿಲ್ಲುವುದಿಲ್ಲ. ಮಂತ್ರವಿದ್ಯೆ ಕಲಿಯುವ ಶಿಷ್ಯರು, ಅವರು ಕರೆದರೆ ಬರುವ ಭೂತಗಳು: ಇಂಥ ಕಥೆ ಆಡಬೇಕೆಂದರೆ ಬೀದರಿನವರಿಗೆ ಬೇಕಾದ ಸರಂಜಾಮು ಊರಲ್ಲೇ ಬಿದ್ದಿದೆ. ಕೊರತೆ ಇರುವುದು ಸಾಮಾನ್ಯವಾಗಿ ಯೋಜನೆಯಲ್ಲಿ.

ಕಥೆ ನಡೆಸಿಕೊಂಡು ಹೋಗುವ ಸೂತ್ರಧಾರ ಒಬ್ಬರು, ಮೂರರಿಂದ ಐದು ಜನ ಆಟಗಾರರು ಸಾಕು. ಆರು ದಾಟಿದರೆ ಅರ್ಧ ಜನ ಮೊಬೈಲ್ ನೋಡುತ್ತ ಕೂರುತ್ತಾರೆ. ಕಥೆಯನ್ನು ಮೂರೋ ನಾಲ್ಕೋ ಬೈಠಕ್‌ಗೆ ಮುಗಿಯುವಂತೆ ಹಾಕಿಕೊಳ್ಳಿ. ವರ್ಷಗಟ್ಟಲೆ ನಡೆಯುವ ಮಹಾಕಾವ್ಯದ ಆಸೆ ಮೊದಲ ಸಲವೇ ಬೇಡ. ಪರೀಕ್ಷೆ, ಮದುವೆ, ಜಾತ್ರೆ ಯಾವುದಾದರೊಂದು ಅಡ್ಡ ಬಂದೇ ಬರುತ್ತದೆ.

ಮೊದಲ ಬೈಠಕ್‌ನಲ್ಲಿ ಆಟ ಬೇಡ

ಮೊದಲ ಸಲ ಕೂತಾಗ ಕಥೆಯಲ್ಲಿ ಏನು ಬರಬಾರದು ಅನ್ನುವುದನ್ನು ಎಲ್ಲರೂ ಕೂಡಿ ಬರೆದಿಟ್ಟುಕೊಳ್ಳಿ. ನಮ್ಮ ಕಡೆ ಇದು ಬರೀ ಶಿಷ್ಟಾಚಾರವಲ್ಲ. ಬೀದರ, ಕಲಬುರಗಿ ಸೀಮೆಯಲ್ಲಿ ಭಾನಾಮತಿ ಎಂಬ ಮಾಟ ಕಟ್ಟುಕಥೆಯ ಮಾತಲ್ಲ. ಆ ಅನುಮಾನಕ್ಕೇ ಹೊಡೆತ ತಿಂದವರು, ಊರು ಬಿಟ್ಟವರು ಇದ್ದಾರೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರದ ವಿರುದ್ಧ ರಾಜ್ಯ 2017ರಲ್ಲಿ ಕಾಯ್ದೆಯನ್ನೇ ತಂದಿತು. ಮನೆಯ ಮೇಲೆ ಕಲ್ಲು ಬೀಳುವುದು, ಗೊಂಬೆಗೆ ಸೂಜಿ ಚುಚ್ಚುವುದು, ನೆರೆಯವಳ ಕಣ್ಣು ತಗಲುವುದು, ಇವನ್ನೆಲ್ಲ ಆಟದಿಂದ ಹೊರಗಿಡಿ. ಮೇಜಿನ ಸುತ್ತ ಕೂತವರಲ್ಲಿ ಯಾರ ಮನೆಯಲ್ಲಿ ಏನು ನಡೆದಿದೆಯೋ ನಿಮಗೇನು ಗೊತ್ತು? ಆಟದ ಮಂತ್ರವಿದ್ಯೆ ಗಣಿತದ ಹಾಗೆ ಕೂತು ಕಲಿಯುವ ವಿದ್ಯೆಯಾಗಿರಲಿ, ಕದ್ದು ಮಾಡಿಸುವ ಮಾಟವಾಗುವುದು ಬೇಡ.

ಜನ ಕೈಮುಗಿಯುವ ದೇವರು, ಶರಣರು, ವಲಿಗಳನ್ನೂ ಭೂತದ ಪಟ್ಟಿಗೆ ಸೇರಿಸಬೇಡಿ. ಅಷ್ಟೂರಿನ ಅಹ್ಮದ್ ಶಾಹ್ ವಲಿಯ ಗುಮ್ಮಟಕ್ಕೆ ಮುಸ್ಲಿಮರೂ ಲಿಂಗಾಯತರೂ ನಡೆದುಕೊಳ್ಳುವ ಊರಿದು. ಒಬ್ಬರಿಗೆ ಪಾತ್ರವಾದದ್ದು ಪಕ್ಕದವರಿಗೆ ಮನೆದೇವರಾಗಿರಬಹುದು. ಜಿನ್ ಬೇಕೆಂದರೆ ಮುಸ್ಲಿಂ ಗೆಳೆಯರನ್ನು ಮೊದಲು ಕೇಳಿ, ಯಾಕೆಂದರೆ ಜಿನ್ ಅವರಿಗೆ ಧರ್ಮದೊಳಗಿನ ಸಂಗತಿ. ಹೊಸ ಭೂತವನ್ನೇ ಹುಟ್ಟಿಸಿಕೊಂಡರೆ ಈ ತಂಟೆಯೇ ಇಲ್ಲ, ಅದಕ್ಕೆ ಆಮೇಲೆ ಬರೋಣ.

ಶಾಲೆಗೆ ನಕ್ಷೆ ಸಿದ್ಧವಿದೆ

ಪರದೇಶದ ಕಲ್ಲಿನ ಅರಮನೆ, ಹಿಮ ಬೀಳುವ ಬೆಟ್ಟ ಯಾಕೆ ಬೇಕು? ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗವಾನ್ 1472ರ ಹೊತ್ತಿಗೆ ಬೀದರಿನಲ್ಲಿ ಕಟ್ಟಿಸಿದ ಮದರಸಾವನ್ನು ಒಂದು ಸುತ್ತು ಹಾಕಿ ಬನ್ನಿ. ಮೂರು ಅಂತಸ್ತು, ನಡುವೆ ಅಂಗಳ, ಸುತ್ತ ವಿದ್ಯಾರ್ಥಿಗಳ ಕೋಣೆಗಳು, ಪಾಠದ ಹಜಾರ, ಗ್ರಂಥಾಲಯ, ಮಸೀದಿ. ಮುಂದಿನ ಎರಡು ಮಿನಾರಗಳಲ್ಲಿ ಈಗ ನಿಂತಿರುವುದು ಒಂದೇ. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಮುಂಭಾಗ ಕುಸಿಯಿತು. ಕಟ್ಟಡದ ಹೆಸರು ಬಳಸಬೇಡಿ, ನಕ್ಷೆ ಮಾತ್ರ ಎತ್ತಿಕೊಳ್ಳಿ: ನಿಮ್ಮ ಶಾಲೆಯಲ್ಲೂ ಒಂದು ಮಿನಾರ ಬಿದ್ದಿದೆ, ಯಾಕೆ ಬಿತ್ತೆಂದು ಗುರುಗಳು ಬಾಯಿ ಬಿಡುವುದಿಲ್ಲ. ಒಂದು ಬೈಠಕ್‌ಗೆ ಅಷ್ಟೇ ಸಾಕು.

ಇನ್ನೊಂದು ಎಳೆ ಗವಾನನ ಸಾವಿನಲ್ಲೇ ಇದೆ. ಅವನ ಮೊಹರು ಒತ್ತಿದ್ದ ಸುಳ್ಳು ಪತ್ರವೊಂದನ್ನು ತೋರಿಸಿ, 1481ರಲ್ಲಿ ಸುಲ್ತಾನ ಮೂರನೇ ಮುಹಮ್ಮದ್ ಶಾಹನಿಂದ ಅವನ ತಲೆ ತೆಗೆಸಿದರು. ಗವಾನನನ್ನು ಬಿಟ್ಟು ಘಟನೆಯನ್ನು ತಗೊಳ್ಳಿ. ಭೂತಗಳನ್ನು ಕಟ್ಟಿಹಾಕಿರುವುದು ಮೊಹರಿನಿಂದ ಎಂದಿಟ್ಟುಕೊಂಡರೆ, ಮೊಹರು ಕದ್ದವರು ಯಾರು ಎಂಬ ಪ್ರಶ್ನೆಯೇ ಕಥೆಯನ್ನು ಕೊನೆತನಕ ಎಳೆಯುತ್ತದೆ. ಆ ಮೊಹರು ಬಿದರಿ ಕೆಲಸದ್ದಾಗಿರಲಿ. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದ ಗೆರೆಗೆ ಬೆಳ್ಳಿ ತಂತಿ ಬಡಿದು, ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕುದಿಸಿ ಉಜ್ಜಿದಾಗ ಲೋಹವಷ್ಟೇ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ತಂತಿ ಎಲ್ಲಿ ಕಿತ್ತಿತೋ ಅಲ್ಲಿ ಕಟ್ಟು ಸಡಿಲ, ಭೂತ ಹೊರಗೆ ಎಂದು ನಿಯಮ ಮಾಡಿ.

ಶಿಷ್ಯನಿಗೆ ಅರ್ಧ ಪುಟ

ಶಿಷ್ಯ ಯಾವ ಊರಿನವನು, ಶಾಲೆಗೆ ಬರಲು ಮನೆಯಲ್ಲಿ ಏನು ಮಾರಿದರು, ಯಾವ ಪಾಠದಲ್ಲಿ ಹಿಂದೆ. ಇಷ್ಟು ಬರೆದರೆ ಆಯಿತು. ಉಳಿದದ್ದು ಆಡುತ್ತ ಆಡುತ್ತ ತಾನೇ ಹೊರಬರುತ್ತದೆ. ಹತ್ತು ಪುಟದ ಪೂರ್ವಕಥೆ ಬರೆದು ತರುವವರು ಅದನ್ನೇ ಓದಿ ಹೇಳಲು ಕೂರುತ್ತಾರೆ, ಬೇರೆಯವರಿಗೆ ಆಕಳಿಕೆ.

ಭೂತಕ್ಕೆ ಪೂರ್ತಿ ಪುಟ

ಇಂಥ ಆಟಗಳು ಸಪ್ಪೆಯಾಗುವುದು ಇಲ್ಲೇ. ಭೂತವನ್ನು ಬಂದೂಕಿನಂತೆ ಬಳಸುತ್ತಾರೆ: ಕರೆದ, ಹೊಡೆಯಿತು, ಹೋಯಿತು. ಭೂತಕ್ಕೆ ತನ್ನದೇ ಆಸೆ ಇರಬೇಕು, ಅದನ್ನು ಆಡಿಸುವವರು ಬೇರೆಯವರಿರಬೇಕು. ನಿಮ್ಮ ಶಿಷ್ಯ ನಿಮ್ಮ ಕೈಯಲ್ಲಿ, ನಿಮ್ಮ ಭೂತ ಬಲಕ್ಕೆ ಕೂತವರ ಕೈಯಲ್ಲಿ. ಆಗ ಪ್ರತಿ ಸಲ ಕರೆದಾಗಲೂ ನಿಜವಾದ ಚೌಕಾಸಿ ನಡೆಯುತ್ತದೆ. ಸೂತ್ರಧಾರನ ತಲೆಭಾರವೂ ಅರ್ಧ ಇಳಿಯುತ್ತದೆ.

ಭೂತದ ಪುಟದಲ್ಲಿ ನಾಲ್ಕು ವಿಷಯ ಬರಲಿ: ಅದಕ್ಕೆ ಏನು ಬರುತ್ತದೆ, ಏನು ಬೇಕು, ಏನು ಮಾಡಲಾರದು, ಯಾವಾಗ ಬಿಡುಗಡೆ. ಒಂದು ಮಾದರಿ ಕಟ್ಟಿ ನೋಡೋಣ. ನೌಬಾದ್ ಹತ್ತಿರ ಬಹಮನಿ ಕಾಲದ ಕಾರೇಜ್ ಇದೆ, ನೆಲದೊಳಗೆ ಸುರಂಗ ಕೊರೆದು ನೀರು ಹರಿಸಿದ ವ್ಯವಸ್ಥೆ. ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗಿದ ಮಳೆನೀರು ಸುರಂಗಕ್ಕೆ ಒಸರುತ್ತದೆ, ಮೇಲಿನಿಂದ ಅಲ್ಲಲ್ಲಿ ಬಾವಿಯಂಥ ಕಿಂಡಿಗಳು. ಆ ಸುರಂಗದಲ್ಲಿ ಒಂದು ಭೂತ ಇದೆ ಅನ್ನಿ, ಹೆಸರು ತೊಟಕ. ಯಾವ ಕಿಂಡಿಯ ಬಾಯಲ್ಲಿ ಯಾರು ಆಡಿದ ಮಾತೂ ಅದಕ್ಕೆ ಕೇಳಿಸುತ್ತದೆ, ಕೇಳಿದ್ದನ್ನು ಹಾಗೇ ಒಪ್ಪಿಸುತ್ತದೆ. ಸುಳ್ಳು ಹೇಳಲಾರದು, ಆದರೆ ಎಲ್ಲಿ ನಿಲ್ಲಿಸಬೇಕೆಂಬುದು ಅದರ ಮರ್ಜಿ. ಅದಕ್ಕೆ ಬೇಕಾದದ್ದು ಹಿಂದೆಂದೂ ಕೇಳದ ಒಂದು ಸದ್ದು, ಪ್ರತಿ ಸಲವೂ ಹೊಸದು. ಆಡುವಾಗ ಅದು ಹೀಗಿರುತ್ತದೆ:

“ನಿನ್ನಿ ರಾತ್ರಿ ಉಸ್ತಾದರು ಬಾವಿ ಕಟ್ಟಿ ಮ್ಯಾಲ ಕುಂತು ಏನ್ ಮಾತಾಡಿದ್ರು, ಹೇಳು.”

“ಸದ್ದು ಎಲ್ಲಿ?”

ಶಿಷ್ಯೆಯಾದವಳು ಮೇಜಿನ ಮೇಲೆ ಅಂಗೈಯಿಂದ ಪಟಪಟ ಬಡಿಯುತ್ತಾಳೆ, ಜೋಳದ ರೊಟ್ಟಿ ತಟ್ಟುವ ಸದ್ದು.

“ಇದು ನಿಮ್ಮಜ್ಜಿ ಕಾಲದಾಗೇ ಕೇಳೀನಿ. ಬ್ಯಾರೇದ್ ತಾ.”

ಮೊದಲ ಬೈಠಕ್‌ನಲ್ಲಿ ಬೆಳ್ಳಿ ತಂತಿ ಬಡಿಯುವ ಚಿಕ್ಕ ಸುತ್ತಿಗೆಯ ಸದ್ದು ಕೊಟ್ಟು ದಾಟಬಹುದು. ಮೂರನೆಯದಕ್ಕೆ ಬರುವ ಹೊತ್ತಿಗೆ ಸುಲಭದ ಸದ್ದುಗಳೆಲ್ಲ ಮುಗಿದು, ತನ್ನ ಅಪ್ಪ ಅಳುವ ಸದ್ದು ಕೊಡಬೇಕಾದೀತು. ಬೆಲೆ ಹೀಗೆ ತಾನೇ ಏರುತ್ತ ಹೋಗುವಂತಿರಬೇಕು. ರಕ್ತ, ಆಯುಷ್ಯ ಕೇಳುವ ಭೂತಗಳಲ್ಲಿ ನನಗಂತೂ ರುಚಿ ಇಲ್ಲ. ಕಾಗದದ ಮೇಲಿನ ರಕ್ತ ಯಾರಿಗೂ ನೋಯುವುದಿಲ್ಲ.

ಹಳೆಯ ಕಥೆಗಳಿಂದಲೂ ಉಪಾಯ ಸಿಗುತ್ತದೆ. ಬೇತಾಳ ಹೆಗಲ ಮೇಲಿರುವಾಗ ರಾಜ ಬಾಯಿ ಬಿಟ್ಟರೆ ಅದು ಮರಕ್ಕೆ ವಾಪಸು: ಷರತ್ತು ಅಂದರೆ ಇಷ್ಟು ಸರಳವಾಗಿರಬೇಕು. ಕಲಿತದ್ದನ್ನು ಯಾರಿಗೂ ಹೇಳಿಕೊಡದೆ ಸತ್ತ ಪಂಡಿತ ಬ್ರಹ್ಮರಾಕ್ಷಸನಾಗುತ್ತಾನೆ ಎಂಬ ನಂಬಿಕೆ ಉಂಟಲ್ಲ, ಶಾಲೆಯ ಕಥೆಗೆ ಅದಕ್ಕಿಂತ ಹೊಂದುವ ಭೂತ ಇನ್ನೆಲ್ಲಿ? ಅವನಿಗೆ ಬೇಕಾದದ್ದು ಒಬ್ಬ ಶಿಷ್ಯ.

ದಾಳದ ಬದಲು ಹುಣಸೆ ಬೀಜ

ಚೌಕಾಬಾರಕ್ಕೆ ಮಾಡುವಂತೆ ಹುಣಸೆ ಬೀಜಗಳನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬಿಳಿ ಮಾಡಿ. ಗೆಲುವು ಸೋಲು ಖಚಿತವಿಲ್ಲದಾಗ ನಾಲ್ಕು ಬೀಜ ಎಸೆಯಿರಿ. ಮೂರು ಅಥವಾ ನಾಲ್ಕು ಬಿಳಿ ಬಿದ್ದರೆ ಕೆಲಸ ಪೂರ್ತಿ ಆಯಿತು. ಎರಡು ಬಿದ್ದರೆ ಆಯಿತು, ಆದರೆ ಭೂತ ಇನ್ನೊಂದು ಬೆಲೆ ಕೇಳುತ್ತದೆ. ಒಂದು ಅಥವಾ ಸೊನ್ನೆ ಬಿದ್ದರೆ ಭೂತದ ಇಷ್ಟ ನಡೆಯುತ್ತದೆ. ಎರಡೂ ಮಗ್ಗುಲು ಸಮಸಮ ಬೀಳುವುದಾದರೆ ಹದಿನಾರರಲ್ಲಿ 5 ಸಲ ಗೆಲುವು, 6 ಸಲ ಅರೆಗೆಲುವು, 5 ಸಲ ಭೂತದ ಪಾಲು. ಶಿಷ್ಯ ಚೆನ್ನಾಗಿ ಕಲಿತ ಪಾಠವಾದರೆ ಐದು ಬೀಜ ಕೊಡಿ, ಲೆಕ್ಕ ಅದೇ ಇರಲಿ. ಆಗ ಪೂರ್ತಿ ಗೆಲುವಿನ ಸಾಧ್ಯತೆ ಸರಿ ಅರ್ಧಕ್ಕೆ ಏರುತ್ತದೆ. ಬೀಜದ ಉಬ್ಬು ಒಂದೇ ತೆರನಾಗಿರುವುದಿಲ್ಲ, ಹತ್ತಿಪ್ಪತ್ತು ಸಲ ಎಸೆದು ನೋಡಿ ಆರಿಸಿಕೊಳ್ಳಿ. ಮಾತಾಡಿಯೇ ತೀರುವ ಕೆಲಸಕ್ಕೆ ಬೀಜ ಎಸೆಯುವುದು ದಂಡ.

ಬೈಠಕ್‌ಗಳ ನಡುವೆ

ಆಟ ಶುರುವಾಗುವುದು ಯಾರೋ ಒಬ್ಬ ಶಿಷ್ಯ ತಪ್ಪು ಭೂತವನ್ನು ಕರೆದುಬಿಟ್ಟ ಕ್ಷಣದಿಂದಾಗಲಿ. ಪ್ರವೇಶ ಪರೀಕ್ಷೆ, ಸಮವಸ್ತ್ರ ಎಂದು ಶುರುಮಾಡಿದರೆ ಮೊದಲ ತಾಸು ಅಲ್ಲಿಗೇ ಹೋಯಿತು. ವಾರದ ನಡುವೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಥೆ ಮುಂದುವರಿಸುವುದಾದರೆ ಒಂದೇ ಕಟ್ಟಪ್ಪಣೆ: ಇನ್ನೊಬ್ಬರ ಶಿಷ್ಯ ಏನು ಮಾಡಿದ, ಏನು ಅಂದ ಎಂದು ನೀವು ಬರೆಯಬಾರದು. “ನಾನು ಹೊಡೆದೆ, ಅವನು ಬಿದ್ದ” ಅನ್ನುವಂತಿಲ್ಲ. “ನಾನು ಕೈ ಎತ್ತಿದೆ” ಎಂದು ಬರೆದು ನಿಲ್ಲಿಸಿ, ಬೀಳಬೇಕೋ ತಪ್ಪಿಸಿಕೊಳ್ಳಬೇಕೋ ಅವರು ಬರೆಯಲಿ. ಆಟದ ಮಾತಿಗೆ ಒಂದು ಗುಂಪು, ಹೊರಗಿನ ಹರಟೆಗೆ ಇನ್ನೊಂದು. ಇಲ್ಲದಿದ್ದರೆ ತೊಟಕನ ಮಾತಿನ ನಡುವೆ ಯಾರದೋ ಹುಟ್ಟುಹಬ್ಬದ ಕೇಕ್ ಬಂದು ಕೂರುತ್ತದೆ.

ಒಬ್ಬರು ಒಂದು ವಾರ ಬರಲಿಲ್ಲ ಅನ್ನಿ. ಅವರ ಶಿಷ್ಯನಿಗೆ ಜ್ವರ, ಕೋಣೆಯಲ್ಲಿ ಮಲಗಿರಲಿ. ಭೂತ ಹೇಗೂ ಪಕ್ಕದವರ ಕೈಯಲ್ಲಿದೆ, ಅದಕ್ಕೆ ರಜೆ ಇಲ್ಲ. ಮುಂದಿನ ವಾರ ಬಂದಾಗ ತನ್ನ ಹೆಸರಿನಲ್ಲಿ ಅದು ಎಲ್ಲೆಲ್ಲಿ ಏನೇನು ಸಾಲ ಮಾಡಿಟ್ಟಿದೆ ಎಂಬುದನ್ನು ಅವರೇ ಕೇಳಿಕೊಂಡು ತೀರಿಸಲಿ.